ಸೋಮವಾರದ ಹಠ

ಜೂನ್ ಎಂಟು, ಸೋಮವಾರ, ಬೆಳಿಗ್ಗೆ ಎಂಟು ಗಂಟೆ ಹದಿನೈದು ನಿಮಿಷ. ನನ್ನ ತಂಗಿ ತಾರಾಳ ಹಠವನ್ನು ನಾನು ಮೊದಲ ಸಲ ಬರೆದಿಟ್ಟ ಹೊತ್ತು ಅದು. ನನಗಾಗ ಹನ್ನೊಂದು ವರ್ಷ, ಅವಳಿಗೆ ಮೂರು ತುಂಬಿ ಎರಡು ತಿಂಗಳು. ಅದಕ್ಕೂ ಮೊದಲು ಅವಳು ಹಠ ಮಾಡುತ್ತಿರಲಿಲ್ಲ ಎಂದಲ್ಲ, ಲೆಕ್ಕ ಇಟ್ಟವರು ಇರಲಿಲ್ಲ ಅಷ್ಟೆ. ಆ ದಿನ ಅವ್ವ ಹಾಲನ್ನು ಹಸಿರು ಪ್ಲಾಸ್ಟಿಕ್ ಲೋಟದ ಬದಲು ಸ್ಟೀಲ್ ಲೋಟದಲ್ಲಿ ಕೊಟ್ಟಳು. ತಾರಾ ಲೋಟ ಎಸೆದಳು. ನೆಲಕ್ಕೆ ಬಿದ್ದು ಹಿಮ್ಮಡಿಯಿಂದ ಹಾಸುಬಂಡೆ ಒದೆಯತೊಡಗಿದಳು. ಹಸಿರು ಲೋಟ ತೊಳೆದು ತಂದರೆ ಅದನ್ನೂ ಎಸೆದಳು. ಏನು ಬೇಕು ಎಂದು ಅವ್ವ ಕೇಳಿದಷ್ಟು ಸಲವೂ ಅವಳ ಬಾಯಲ್ಲಿ ಒಂದೇ ಮಾತು, "ಬ್ಯಾಡ". ಬಿಸ್ಕತ್ತು ಬ್ಯಾಡ, ಎತ್ತಿಕೊಳ್ಳೋದು ಬ್ಯಾಡ, ಕೆಳಗೆ ಬಿಡೋದೂ ಬ್ಯಾಡ. ಎಂಟು ಮೂವತ್ತೇಳಕ್ಕೆ, ಚೆಲ್ಲಿದ ಹಾಲಿನ ಪಕ್ಕದಲ್ಲೇ, ಬಿಕ್ಕುತ್ತ ಬಿಕ್ಕುತ್ತ ನಿದ್ದೆ ಹೋದಳು. ಅವ್ವ ಹಾಲು ಒರೆಸಿ, ಬಟ್ಟೆ ಹಿಂಡಿ, ಯಾರಿಗೂ ಅಲ್ಲದಂತೆ ಮಾತಾಡಿದಳು.

"ಇನ್ನ ನನ್ ಕೈಲಿ ಆಗಂಗಿಲ್ಲ. ಈ ತಿಂಗಳೊಂದು ನೋಡ್ತೀನಿ. ಹಿಂಗೇ ಮಾಡಿದ್ಲಂದ್ರ ಸಿರುಗುಪ್ಪಕ್ಕ ಕಳಸ್ತೀನಿ. ಸಾಲಿಗೆ ಹಾಕೋ ತನಕ ಅಜ್ಜಿ ಹತ್ರನ ಇರ್ಲಿ."

"ಅವ್ವಾ, ಆಕಿ ಸಣ್ಣಾಕಿ."

"ಸಣ್ಣಾಕಿ ಅಂತನ ಕಳಸೋದು. ದೊಡ್ಡಾಕಿ ಆಗಿದ್ರ ಎರಡು ಕೊಟ್ಟು ಮಿಷಿನ್ ಮುಂದ ಕುಂದರ್ಸ್ತಿದ್ದೆ."

ಅವ್ವ ಸುಮ್ಮನೆ ಹೆದರಿಸುವವಳಲ್ಲ. ಹೇಳಿದ್ದನ್ನು ಮಾಡುವ ಹೆಂಗಸು. ಹಾಗಾಗಿ ನನ್ನ ಹತ್ತಿರ ಇದ್ದದ್ದು ಒಂದು ತಿಂಗಳು. ಅಷ್ಟರಲ್ಲಿ ಈ ಹಠ ಯಾಕೆ ಬರುತ್ತದೆ ಎಂದು ಕಂಡುಹಿಡಿದು ನಿಲ್ಲಿಸಿದರೆ ತಾರಾ ಮನೆಯಲ್ಲಿರುತ್ತಾಳೆ, ಇಲ್ಲದಿದ್ದರೆ ಇಲ್ಲ. ನನಗೆ ಸಾಧ್ಯ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಹಿಂದಿನ ವರ್ಷದ ನೋಟ್‌ಬುಕ್ಕುಗಳಲ್ಲಿ ಉಳಿದ ಹಾಳೆಗಳನ್ನು ಕಿತ್ತು ಜೋಡಿಸಿದೆ. ಅವ್ವ ಅದರ ಬೆನ್ನಿಗೆ ಜೀನ್ಸಿನ ಹಳದಿ ದಾರದಲ್ಲಿ ಮಿಷಿನ್ ಹೊಲಿಗೆ ಹಾಕಿಕೊಟ್ಟಳು, ಯಾತಕ್ಕೆ ಎಂದು ಕೇಳಲಿಲ್ಲ. ಸ್ಕೇಲ್ ಹಿಡಿದು ಗೆರೆ ಎಳೆದೆ. ತಾರೀಖು, ವಾರ, ಶುರುವಾದದ್ದು, ನಿಂತದ್ದು, ಒಟ್ಟು ನಿಮಿಷ, ಕಾರಣ. ಮೊದಲ ಸಾಲಿನ ಕಾರಣದಲ್ಲಿ "ಹಸಿರು ಲೋಟ" ಎಂದು ಬರೆದಿದ್ದೇನೆ. ಆ ಪುಸ್ತಕ ಈಗ ನನ್ನ ಮುಂದೆ ತೆರೆದಿದೆ.

ನಮ್ಮ ಮನೆ ಬಳ್ಳಾರಿಯ ಬ್ರೂಸ್‌ಪೇಟೆಯ ಅಂಗಡಿಗಳ ಬೆನ್ನಿಗಿರುವ ಗಲ್ಲಿಯಲ್ಲಿತ್ತು. ಎರಡೇ ಕೋಣೆ. ಒಳಗಿನದರಲ್ಲಿ ಅಡುಗೆ, ಊಟ, ನಾಲ್ಕು ಜನರ ಹಾಸಿಗೆ, ಗೋಡೆಯ ಮೇಲೆ ಬುದ್ಧನ ಪಟ. ಹೊರಗಿನದು ಪೂರ್ತಿ ಮಿಷಿನ್ನಿನದು. ಅಪ್ಪ ಜೀನ್ಸ್ ಹೊಲಿಯುವ ಒಂದು ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್. ಅಲ್ಲಿ ಕತ್ತರಿಸಿದ ಬಟ್ಟೆ ನಮ್ಮ ಮನೆಗೆ ಬರುತ್ತಿತ್ತು, ಅವ್ವ ಪ್ಯಾಂಟಿನ ಬದಿಗಳನ್ನು ಕೂಡಿಸಿ ಹೊಲಿಯುತ್ತಿದ್ದಳು. ಹೊಲಿದಾದ ಮೇಲೆ ಹನ್ನೆರಡು ಪ್ಯಾಂಟಿಗೆ ಒಂದು ಬಂಡಲ್. ಬಟ್ಟೆಯ ಅಂಚಿನಿಂದ ಹರಿದ ಉದ್ದ ಪಟ್ಟಿಯಲ್ಲಿ ಅದನ್ನು ಬಿಗಿದು, ಮಿಷಿನ್ ಹಿಂದಿನ ಮೂಲೆಯಲ್ಲಿ ಒಟ್ಟುತ್ತಿದ್ದಳು. ಮಂಗಳವಾರ ಎರಡೇ ಬಂಡಲ್ ಇರುತ್ತಿದ್ದವು, ಭಾನುವಾರ ಸಂಜೆಗೆ ಆ ಒಟ್ಟು ನನ್ನ ಎದೆ ಮುಟ್ಟುತ್ತಿತ್ತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಯೂನಿಟ್‌ನ ಆಟೋ ಬಂದು ಅಷ್ಟನ್ನೂ ಒಯ್ದು ಹೊಸ ಬಟ್ಟೆ ಇಳಿಸಿ ಹೋಗುತ್ತಿತ್ತು. ಆ ಬಟ್ಟೆಯ ನೀಲಿ ನಮ್ಮ ಮನೆಯ ಎಲ್ಲದಕ್ಕೂ ಅಂಟಿತ್ತು. ಅವ್ವನ ಬೆರಳು ನೀಲಿ, ಮುದ್ದೆ ಕಟ್ಟುವ ಮೊದಲು ಎಷ್ಟು ತೊಳೆದರೂ ಉಗುರಿನ ಸಂದು ನೀಲಿ. ತಾರಾ ಅತ್ತು ಕೈಯಿಂದ ಮೂಗು ಒರೆಸಿಕೊಂಡರೆ ಮುಖಕ್ಕೆ ನೀಲಿ ಮೀಸೆ ಬರುತ್ತಿತ್ತು. ಮಿಷಿನ್ ಓಡುವಾಗ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡುತ್ತಿರಲಿಲ್ಲ, ನಿಂತಾಗಲೂ ಅಭ್ಯಾಸದಿಂದ ಕೂಗಿಯೇ ಮಾತಾಡುತ್ತಿದ್ದೆವು. ಹಠಕ್ಕೆ ಮನೆಯವರು ಕೊಡುತ್ತಿದ್ದ ಉತ್ತರವೂ ಅದೇ ದನಿಯಲ್ಲಿ ಇರುತ್ತಿತ್ತು.

ಪ್ರತಿಯೊಬ್ಬರ ಹತ್ತಿರವೂ ಒಂದು ಔಷಧಿ ಇತ್ತು. ಅಪ್ಪನದು ಮೊಬೈಲ್. ಅಳುವ ಮುಖದ ಮುಂದೆ ಹಾಡು ಹಚ್ಚಿ ಹಿಡಿಯುತ್ತಿದ್ದ. ಜೂನ್ ಹತ್ತರಂದು ಮೊಬೈಲ್ ಕೊಟ್ಟ ಕೂಡಲೇ ಅಳು ನಿಂತಿತು, ಎರಡು ನಿಮಿಷ. ವಾಪಸ್ ಕೇಳಿದಾಗ ಹೊಸದಾಗಿ ಶುರುವಾಯಿತು, ಹದಿನಾಲ್ಕು ನಿಮಿಷ. ಸಿರುಗುಪ್ಪದ ಅಜ್ಜಿ, ಅಂದರೆ ಅವ್ವನ ತಾಯಿ, ಫೋನಿನಲ್ಲೇ ದೃಷ್ಟಿ ಎಂದು ತೀರ್ಮಾನ ಕೊಟ್ಟಳು. ಅವಳು ಹೇಳಿದಂತೆ ಅವ್ವ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ನಾನು ಹದಿನೆಂಟು ಸಲ ಕೆಮ್ಮಿದೆ. ತಾರಾಳ ಹಠ ಅಂದು ಒಂಬತ್ತು ನಿಮಿಷ ಹೆಚ್ಚಾಯಿತು. ಅಜ್ಜಿಗೆ ಫೋನಿನಲ್ಲೇ ಅದನ್ನು ಓದಿ ಹೇಳಿದೆ.

"ಕೆಮ್ಮು ಬಂತಲ್ಲ, ಹಂಗಾರ ದೃಷ್ಟಿ ಹೋತು," ಎಂದಳು ಅಜ್ಜಿ. "ನೀ ಹಿಂಗ ಇರ್ಲಿಲ್ಲವ್ವ. ನೀ ಎಷ್ಟು ಶಾಣ್ಯಾ ಕೂಸು! ಒಂದ್ ಸಲನೂ ಹಠ ಮಾಡಿದಾಕಿ ಅಲ್ಲ."

ಇದನ್ನು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಸುಜಾತಾ ಹಠ ಮಾಡಿದವಳಲ್ಲ, ಸುಜಿ ಕೊಟ್ಟದ್ದನ್ನು ತಿಂದವಳು, ಕೂರಿಸಿದಲ್ಲಿ ಕೂತವಳು. ನನಗೆ ಅದರ ಬಗ್ಗೆ ಸಣ್ಣ ಹೆಮ್ಮೆಯೇ ಇತ್ತು. ತಂಗಿಗೆ ಇಲ್ಲದ ಏನೋ ಒಂದು ನನಗೆ ಹುಟ್ಟಿನಿಂದ ಬಂದಿದೆ, ಅದನ್ನು ಅವಳಿಗೂ ಕಲಿಸಬಹುದು ಎಂದುಕೊಂಡಿದ್ದೆ.

ಜೂನ್ ಹದಿನೈದಕ್ಕೆ ಪುಸ್ತಕದಲ್ಲಿ ಹನ್ನೊಂದು ಸಾಲುಗಳಾಗಿದ್ದವು. ಬೇರೆ ದಿನದವು ನಾಲ್ಕು ನಿಮಿಷ, ಏಳು ನಿಮಿಷ, ಹೆಚ್ಚೆಂದರೆ ಹದಿನಾಲ್ಕು. ಎರಡು ಸೋಮವಾರ ಮಾತ್ರ ಇಪ್ಪತ್ತೆರಡು ಮತ್ತು ಇಪ್ಪತ್ತಾರು. ಎರಡನೆಯದರ ಕಾರಣ "ಬಾಚಣಿಗೆ". ಸೋಮವಾರ ಎಂಬುದನ್ನು ಕಂಡುಹಿಡಿದದ್ದು ನಾನೇ. ಅಲ್ಲಿಂದ ಮುಂದಕ್ಕೆ ಲೆಕ್ಕ ಸುಲಭ ಎನಿಸಿತು. ಸೋಮವಾರದ ಹಿಂದಿನ ದಿನ ಭಾನುವಾರ. ಭಾನುವಾರ ನಮ್ಮ ಮನೆಯಲ್ಲಿ ವಿಶೇಷ ಏನು? ಒಗ್ಗರಣಿ ಮಂಡಕ್ಕಿ, ಜೊತೆಗೆ ಅಪ್ಪ ತರುವ ಮಿರ್ಚಿ. ತಾರಾ ಮಿರ್ಚಿಯ ಮೇಲಿನ ಹಿಟ್ಟನ್ನು ಸುಲಿದು ಸುಲಿದು ತಿನ್ನುತ್ತಿದ್ದಳು. ಎಣ್ಣೆ, ಹೊಟ್ಟೆ ಉರಿ, ಸೋಮವಾರದ ಹಠ. ಅವ್ವನಿಗೆ ಪುಸ್ತಕ ತೋರಿಸಿದೆ. ಅವಳಿಗೂ ಸರಿ ಅನ್ನಿಸಿ ಭಾನುವಾರದ ಮಿರ್ಚಿ ಬಂದ್ ಮಾಡಿದಳು, ಎಲ್ಲರಿಗೂ.

"ಹಠ ಮಾಡೋದು ಆಕಿ, ಶಿಕ್ಷಾ ನನಗೇನು?" ಎಂದ ಅಪ್ಪ.

"ಆಕಿ ಮುಂದ ಕುಂತು ನೀವು ತಿಂದ್ರ ಆಕಿ ಬಿಡ್ತಾಳೇನ್ರಿ?" ಎಂದಳು ಅವ್ವ.

ಜೂನ್ ಇಪ್ಪತ್ತೊಂದು, ಮಿರ್ಚಿ ಇಲ್ಲದ ಆ ಭಾನುವಾರ, ಅವ್ವ, ತಾರಾ, ನಾನು ಬಸ್ಸಿನಲ್ಲಿ ಕುರುಗೋಡಿಗೆ ಹೋದೆವು. ಅವ್ವನ ತಂಗಿ, ನಮ್ಮ ಸಣ್ಣಮ್ಮ, ಅಲ್ಲಿ ಅಂಗನವಾಡಿ ಟೀಚರ್. ಅವಳ ಮನೆಯ ಹಿಂದೆಯೇ ಗುಡ್ಡ. ಮಧ್ಯಾಹ್ನಕ್ಕೆ ಬಂಡೆಗಳೆಲ್ಲ ಕಾದು ಹಿತ್ತಿಲಿಗೆ ಶಾಖ ಹೊಡೆಯುತ್ತಿತ್ತು. ಹೊರಡುವಾಗ ಚಪ್ಪಲಿ ಹಾಕಿಕೊಳ್ಳಲು ತಾರಾ ಒಲ್ಲೆ ಎಂದಳು, ಹಾಕಿದರೆ ಕಿತ್ತಳು, ಬಿಸಿ ಕಟ್ಟೆಯ ಮೇಲೆ ಬಿದ್ದಳು. ಅವ್ವ ಕೈ ಎತ್ತಿದಳು. ಸಣ್ಣಮ್ಮ ಅಕ್ಕನನ್ನು ಒಳಗೆ ಕಳಿಸಿ, ಮಗುವನ್ನು ನೆರಳಿಗೆ ಎಳೆದು, ಶೇಂಗಾದ ಮೊರ ತಂದು ತಾನೂ ನೆಲಕ್ಕೇ ಕೂತಳು. ತಾರಾಳ ಕಾಲು ತಾಗದಷ್ಟು ದೂರ, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

"ಸಿಟ್ಟು ಬಂದೈತಿ ನಿನಗ," ಎಂದಳು. "ಬರ್ಲಿ. ನಾ ಇಲ್ಲೇ ಅದೀನಿ."

ಶೇಂಗಾ ಸುಲಿಯುತ್ತ ಕೂತಳು. ಏಳನೇ ನಿಮಿಷಕ್ಕೆ ತಾರಾ ಹೊರಳಿ ಬಂದು ಮೊರದಲ್ಲಿ ಕೈ ಹಾಕಿದಳು. ನಾನು ಬಾಗಿಲಲ್ಲಿ ನಿಂತು ಬರೆದೆ: ಏಳು ನಿಮಿಷ, ಕಾರಣ ಚಪ್ಪಲಿ.

"ಏನ್ ಬರ್ಯಾಕತ್ತೀಯವ್ವ ಡಾಕ್ಟರಮ್ಮ? ಕೊಡಿಲ್ಲಿ ನೋಡೋಣ."

ಸಣ್ಣಮ್ಮ ಎರಡು ಪುಟವನ್ನೂ ಪೂರ್ತಿ ಓದಿದಳು. ಅಂಗನವಾಡಿಯಲ್ಲಿ ಅವಳೂ ತೂಕ, ಎತ್ತರ, ಹಾಜರಿ ಎಂದು ಹತ್ತು ರಿಜಿಸ್ಟರ್ ತುಂಬುವವಳು. ನನ್ನ ಗೆರೆಗಳ ಬೆಲೆ ಅವಳಿಗೆ ಗೊತ್ತಾದೀತು ಎಂದು ಕಾದೆ.

"ಎಲ್ಲಾ ಚಂದ ಐತಿ. ಆಕಿ ಅಳುವಾಗ ನೀ ಎಲ್ಲಿರ್ತಿ? ಅದನ್ನ ಬರೆದೇ ಇಲ್ಲಲ್ಲ."

"ಬಾಗ್ಲಾಗ ನಿಂತಿರ್ತೀನಿ. ಅಲ್ಲಿಂದ ಗಡಿಯಾರ ಕಾಣ್ತೈತಿ."

"ಗಡಿಯಾರ ಕಾಣ್ತೈತಿ, ಖರೇ. ಕೂಸು?"

ನಾನು ಅದನ್ನು ಪುಸ್ತಕದ ಕೊರತೆ ಎಂದು ತಿಳಿದೆ. ವಾಪಸ್ ಬರುವ ಬಸ್ಸಿನಲ್ಲೇ ಹೊಸ ಗೆರೆ ಎಳೆದು "ನಾನಿದ್ದ ಜಾಗ" ಎಂದು ಸೇರಿಸಿದೆ. ಮರುದಿನ, ಸೋಮವಾರ, ಎಂಟು ಹತ್ತಕ್ಕೆ ಹಠ ಶುರುವಾಯಿತು. ಮೂವತ್ತೊಂದು ನಿಮಿಷ. ಕಾರಣ: ಬನಿಯನ್. ನಾನಿದ್ದ ಜಾಗ: ಬಾಗಿಲು. ಅದುವರೆಗಿನ ದೊಡ್ಡ ಹಠ ಅದು, ಮಿರ್ಚಿ ತಿನ್ನದೆ ಬಂದದ್ದು. ಅವ್ವ ಮಿಷಿನ್ ಮೇಲೆ ತಲೆ ಇಟ್ಟು ಕೂತಿದ್ದಳು. ಅಪ್ಪ ಮಾತ್ರ ಯೂನಿಟ್‌ಗೆ ಹೊರಟವನು ನನ್ನ ಹತ್ತಿರ ಬಗ್ಗಿ ಕೇಳಿದ.

"ಹಂಗಾರ ಬರೋ ಭಾನುವಾರ ಮಿರ್ಚಿ ತರಬಹುದೇನ್ರಿ ಮೇಡಂ?"

ಅವ್ವ ತಲೆ ಎತ್ತದೆಯೇ ಫೋನ್ ತೆಗೆದುಕೊಂಡಳು. ಅಜ್ಜಿಗೆ ಹೇಳಿದ್ದು ನಮಗೆಲ್ಲ ಕೇಳಿಸಿತು. ಜುಲೈ ಐದನೇ ತಾರೀಖು ಬಂದುಬಿಡು, ಆರಕ್ಕೆ ಕರಕೊಂಡು ಹೋಗು.

ಜೂನ್ ಇಪ್ಪತ್ತನಾಲ್ಕು, ಬುಧವಾರ, ಸಂಜೆ ನಾಲ್ಕು ಐವತ್ತು. ಶಾಲೆಯಿಂದ ಬಂದು ಚೀಲ ಇಳಿಸುತ್ತಿದ್ದೆ. ತಾರಾ ಒಬ್ಬಳೇ ಆಡುತ್ತಿದ್ದಳು. ಚಿಂದಿ ಬಟ್ಟೆಯಲ್ಲಿ ಅವ್ವ ಹೊಲಿದುಕೊಟ್ಟ ಒಂದು ಗೊಂಬೆ ಅವಳಿಗಿತ್ತು, ಕಣ್ಣಿಗೆ ಜೀನ್ಸಿನ ಎರಡು ಗುಂಡಿ. ಅದನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಅದರ ಪರವಾಗಿ ತಾನೇ ಅತ್ತಳು. "ಬ್ಯಾಡ, ಬ್ಯಾಡ" ಎಂದಳು. ಆಮೇಲೆ ಎದ್ದು ಹೋಗಿ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಮಡಚಿದ ಕಾಗದ, ನನ್ನ ಮುರಿದ ಪೆನ್ಸಿಲ್. ತಲೆ ಎತ್ತಿ ಗಡಿಯಾರ ನೋಡಿದಳು. ಕಾಗದ ನೋಡಿದಳು. ಮತ್ತೆ ಗಡಿಯಾರ. ಬಹಳ ಗಂಭೀರವಾಗಿ "ಇಪ್ಪತ್ತು" ಎಂದು ಹೇಳಿ ಒಂದು ಗೀಟು ಎಳೆದಳು. ಆಟ ಅಲ್ಲಿಗೆ ಮುಗಿಯಿತು. ಗೊಂಬೆ ನೆಲದ ಮೇಲೆಯೇ ಇತ್ತು, ಅದನ್ನು ಎತ್ತಿಕೊಳ್ಳುವವರು ಆ ಆಟದಲ್ಲಿ ಇರಲಿಲ್ಲ. ಅಂದಿನ ತಾರೀಖು ಹಾಕಿದ ಸಾಲು ನನ್ನ ಪುಸ್ತಕದಲ್ಲಿದೆ, ಮುಂದೆ ಏನೂ ಬರೆದಿಲ್ಲ.

ಜೂನ್ ಇಪ್ಪತ್ತೊಂಬತ್ತರ ಸೋಮವಾರ ಪುಸ್ತಕವನ್ನು ಶಾಲೆಯ ಚೀಲದಿಂದ ತೆಗೆಯಲೇ ಇಲ್ಲ. ಆಟೋ ಬಂತು, ಹೋಯಿತು. ಸ್ವಲ್ಪ ಹೊತ್ತಿಗೆ ತಾರಾ ಚಹಾದ ಬಟ್ಟಲಿಗೆ ತಗಾದೆ ತೆಗೆದು ನೆಲಕ್ಕೆ ಬಿದ್ದಳು. ನಾನು ಬಾಗಿಲು ಬಿಟ್ಟು ಅವಳ ಪಕ್ಕ ಹೋಗಿ ಕೂತೆ, ಸಣ್ಣಮ್ಮ ಕೂತಷ್ಟೇ ದೂರದಲ್ಲಿ. ಸಣ್ಣಮ್ಮನ ಮಾತನ್ನೇ ಹೇಳಿದೆ, ಸಿಟ್ಟು ಬಂದೈತಿ, ನಾ ಇಲ್ಲೇ ಅದೀನಿ. ಅಲ್ಲಿ ಕೂತರೆ ಮಿಷಿನ್ನಿನ ಹಲಗೆ ಅಡ್ಡ ಬಂದು ಗಡಿಯಾರ ಕಾಣುತ್ತಿರಲಿಲ್ಲ. ಹಾಗಾಗಿ ಆ ದಿನದ ನಿಮಿಷ ನನಗೆ ಗೊತ್ತಿಲ್ಲ. ಹಲಗೆಯ ಕೆಳಗಿನಿಂದ ಮಾತ್ರ, ನಿಂತಾಗ ಎಂದೂ ಕಾಣದಿದ್ದ ಹಿಂದಿನ ಮೂಲೆ ಪೂರ್ತಿ ಕಾಣುತ್ತಿತ್ತು. ಬಂಡಲ್ ಎದ್ದುಹೋದ ಜಾಗ. ಅಲ್ಲಿ ಒಂದು ಚಮಚ ಬಿದ್ದಿತ್ತು, ಐದಾರು ಗುಂಡಿ, ಎಣ್ಣೆ ಡಬ್ಬಿಯ ಮುಚ್ಚಳ, ನಾನು ಹುಡುಕಿ ಸಾಕಾಗಿದ್ದ ಬಣ್ಣದ ಬ್ರಷ್, ಮಡಚಿ ಮಡಚಿ ಹಾಸಿಗೆಯಂತೆ ಮಾಡಿದ ಒಂದು ತುಂಡು ಬಟ್ಟೆ. ಅದರ ಮೇಲೆಲ್ಲ ಆಟೋದವರ ಚಪ್ಪಲಿಯ ಗುರುತು.

ಬಂಡಲ್ ಒಟ್ಟುವಾಗ ಗೋಡೆಯ ತೇವ ತಾಗಬಾರದೆಂದು ಅವ್ವ ಒಂದು ಮೊಳ ಜಾಗ ಬಿಡುತ್ತಿದ್ದಳು. ಆ ಸಂದಿನಲ್ಲಿ ತಾರಾ ಮನೆ ಹೂಡಿದ್ದಳು. ಮಂಗಳವಾರ ಎರಡು ಬಂಡಲ್ಲಿನ ಗೋಡೆ, ಭಾನುವಾರ ತಲೆ ಮುಚ್ಚುವಷ್ಟು ಎತ್ತರ. ವಾರವಿಡೀ ಅವಳು ಕಟ್ಟಿದ್ದನ್ನು ಸೋಮವಾರ ಎಂಟಕ್ಕೆ ಇಬ್ಬರು ಗಂಡಸರು ಬಂದು, ಅವಳಿಗೆ ಒಂದು ಮಾತೂ ಹೇಳದೆ, ಐದು ನಿಮಿಷದಲ್ಲಿ ಹೊತ್ತೊಯ್ಯುತ್ತಿದ್ದರು. ಅವಳು ಅಲ್ಲಿ ಆಡುವುದು ಅವ್ವನಿಗೆ ಗೊತ್ತಿರಲಿಲ್ಲ ಎಂದಲ್ಲ. ಆದರೆ ಅಳು ಆ ಗಳಿಗೆಯಲ್ಲಿ ಬರುತ್ತಿರಲಿಲ್ಲ. ಹತ್ತು ಹದಿನೈದು ನಿಮಿಷ ಅವಳು ಸುಮ್ಮನೆ ಓಡಾಡುತ್ತಿದ್ದಳು, ಆಮೇಲೆ ಕೈಗೆ ಸಿಕ್ಕ ಲೋಟ, ಬಾಚಣಿಗೆ, ಬನಿಯನ್ ಯಾವುದಾದರೂ ಒಂದರ ಮೇಲೆ ಅದು ಒಡೆಯುತ್ತಿತ್ತು. ನಾನು ಲೋಟ, ಬಾಚಣಿಗೆ, ಬನಿಯನ್ ಎಂದು ನೀಟಾಗಿ ಬರೆದುಕೊಂಡಿದ್ದೆ.

"ಬಂಡಲ್ ಹೋದ್ವು," ಎಂದೆ ತಾರಾಳಿಗೆ. "ನಿನಗ ಯಾರೂ ಹೇಳ್ಲಿಲ್ಲ."

ಅವಳು ಒದೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಅಳು ನಿಲ್ಲಲಿಲ್ಲ, ಅದರ ದನಿ ಬದಲಾಯಿತು. ತೆವಳಿ ಬಂದು ನನ್ನ ಯೂನಿಫಾರ್ಮಿಗೆ ನೀಲಿ ಮೂಗು ಒರೆಸಿದಳು. ಅವ್ವನಿಗೆ ಹೇಳಿದಾಗ ಅವಳು ಮೊದಲು ಬೈದಳು.

"ಬಂಡಲ್ ಹೋಗದ ಇರ್ತಾವೇನ? ಹೋಗ್ಲಿ ಅಂತನ ಅಲ್ಲೇನು ಹೊಲಿಯೋದು?"

ಆಮೇಲೆ ಸೂಜಿಗೆ ದಾರ ಪೋಣಿಸುತ್ತ, ಅರ್ಧಕ್ಕೇ ಕೈ ನಿಲ್ಲಿಸಿದಳು. "ಏನ್ ಬೇಕು, ಏನ್ ಬೇಕು ಅಂತ ಕೇಳಿದ್ನಲ್ಲ, ಆಕಿ ಏನ್ ಹೇಳ್ಬೇಕು ಪಾಪ."

ಆ ವಾರ ಅಪ್ಪ ಯೂನಿಟ್‌ನಿಂದ ಚಿಂದಿ ತಂದು, ಬಂಡಲ್ಲಿನ ಅಳತೆಗೇ ತುಂಬಿ, ಅದೇ ಅಂಚುಪಟ್ಟಿಯಲ್ಲಿ ಮೂರು ಗಂಟು ಕಟ್ಟಿದ. ಇವು ಆಟೋದಲ್ಲಿ ಹೋಗದ ಬಂಡಲ್. ಭಾನುವಾರ ಸಂಜೆ ಅವ್ವ ಮಿಷಿನ್ ನಿಲ್ಲಿಸಿ, ನಾಳೆ ಆಟೋ ಬರ್ತೈತಿ, ನಿನ್ನ ಸಾಮಾನು ತಕ್ಕೋ ಎಂದು ತಾರಾಳಿಗೆ ಎರಡು ಸಲ ಹೇಳಿದಳು. ಇಬ್ಬರೂ ಕೂತು ಚಮಚ, ಗುಂಡಿ, ಮುಚ್ಚಳ ಎಲ್ಲವನ್ನೂ ಡಬ್ಬಿಗೆ ತುಂಬಿದರು. ಆ ಹೊತ್ತಿಗೆ ಸಿರುಗುಪ್ಪದಿಂದ ಅಜ್ಜಿ ಬಂದು ಇಳಿದಾಗಿತ್ತು. ತಾರಾಳ ಬಟ್ಟೆಗೆಂದು ಖಾಲಿ ಚೀಲ ತಂದಿದ್ದಳು. ಬರಬೇಡ ಎಂದು ಅವ್ವ ಹೇಳಿರಲಿಲ್ಲ.

ಜುಲೈ ಆರು, ಸೋಮವಾರ, ಎಂಟು ಗಂಟೆ. ತಾರಾ ಡಬ್ಬಿ ಅವುಚಿಕೊಂಡು ಬಾಗಿಲಲ್ಲಿ ನಿಂತು ಒಂದೊಂದು ಬಂಡಲ್ಲಿಗೂ ಕೈ ಬೀಸಿದಳು. ಆಟೋ ತಿರುವಿನಲ್ಲಿ ಮರೆಯಾದ ಮೇಲೆ ನನ್ನ ತೊಡೆಯ ಮೇಲೆ ಬಿದ್ದು ಅತ್ತಳು. ಗಡಿಯಾರ ನೋಡಿದವಳು ಅಜ್ಜಿ. ಆರು ನಿಮಿಷ ಎಂದು ಹೇಳಿದ್ದೂ ಅವಳೇ.

"ಹಠ ನಿಲ್ತೈತಿ ಅಂದ್ರಿ, ಅತ್ತಳಲ್ಲ? ಒಂಬತ್ತೂವರಿ ಬಸ್ಸಿಗೆ ಹೊಂಡ್ತೀವಿ ನಾವು. ಬಟ್ಟಿ ತುಂಬು ರತ್ನಾ," ಎಂದಳು ಅವ್ವನಿಗೆ.

ನಾನು ಪುಸ್ತಕ ತಂದೆ. ಅಜ್ಜಿಗೆ ಓದು ಬಾರದು, ಓದಿ ಹೇಳಿದೆ. ಇಪ್ಪತ್ತೆರಡು, ಇಪ್ಪತ್ತಾರು, ಮೂವತ್ತೊಂದು, ಗೊತ್ತಿಲ್ಲ, ಆರು. ಇಷ್ಟು ಸ್ಪಷ್ಟವಾದ ಲೆಕ್ಕವನ್ನು ಯಾರೂ ತಳ್ಳಿಹಾಕಲಾರರು ಎಂಬ ಧೈರ್ಯ ನನಗಿತ್ತು. ಅಜ್ಜಿ ನಕ್ಕು ನನ್ನ ಗಲ್ಲ ಹಿಡಿದಳು.

"ಯಾಕವ್ವ ಇಷ್ಟು ಒದ್ದಾಡ್ತಿ? ನೀನೂ ಇಷ್ಟೇ ಇದ್ದಾಗ ಬಂದಿರ್ಲಿಲ್ಲೇನು ನನ್ ಹತ್ರ? ನಿಮ್ಮವ್ವ ಮಿಷಿನ್ ಕಲಿಯಾಕ ಹೋಗುವಾಗ. ಮೂರು ದಿನ ಅತ್ತಿ. ಬಾಗ್ಲಾಗ ಕೈ ಮಾಡಿ ಮಾಡಿ ಅತ್ತಿ. ನಾಕನೇ ದಿನ ಸುಮ್ನಾದಿ ನೋಡು, ಆಮ್ಯಾಲೆ ಒಂದ್ ಮಾತು ಕೇಳ್ಲಿಲ್ಲ. ಓಣಿ ತುಂಬ ಹೇಳಿದ್ರು, ಎಂಥಾ ಶಾಣ್ಯಾ ಕೂಸು ಅಂತ."

ಮಿಷಿನ್ ನಿಂತಿತು. ಅವ್ವ ಅರ್ಧ ಹೊಲಿದ ಪ್ಯಾಂಟನ್ನು ಹಾಗೇ ಬಿಟ್ಟು ತಿರುಗಿದಳು.

"ಮೂರು ದಿನ ಅತ್ತಿದ್ಲೇನು? ನನಗ ಹೇಳ್ಲಿಲ್ಲಲ್ಲ ನೀನು?"

"ಹೇಳಿದ್ರ ನೀ ಕಲೀತಿದ್ದೇನು? ಓಡಿ ಬರ್ತಿದ್ದಿ."

"ಬರ್ತಿದ್ದೆ," ಎಂದಳು ಅವ್ವ.

ಎದ್ದು ಬಂದು ಅಜ್ಜಿಯ ಖಾಲಿ ಚೀಲ ತೆಗೆದುಕೊಂಡಳು. ಅದಕ್ಕೆ ಮಂಡಕ್ಕಿ, ಅಪ್ಪ ಹಿಂದಿನ ಸಂಜೆ ತಂದಿದ್ದ ನಾಲ್ಕು ಮಿರ್ಚಿ, ಎರಡು ತುಂಡು ಬಟ್ಟೆ ಹಾಕಿ ಕೈಗೆ ಕೊಟ್ಟಳು. ಅಜ್ಜಿ ಸ್ವಲ್ಪ ಹೊತ್ತು ಮುನಿಸಿಕೊಂಡು ಕೂತು, ಮೆಣಸಿನಕಾಯಿ ಖಾರ ಎಂದು ದೂರುತ್ತಲೇ ಎರಡು ಮಿರ್ಚಿ ಅಲ್ಲೇ ತಿಂದು, ಹನ್ನೊಂದರ ಬಸ್ಸಿಗೆ ಹೋದಳು. ತಾರಾ ಎಲ್ಲೂ ಹೋಗಲಿಲ್ಲ. ನಾನು ಅಂದು ಶಾಲೆಗೆ ಹೋಗಲಿಲ್ಲ. ಯಾರೂ ಕೇಳದಿದ್ದರೂ ಅವ್ವ ನನ್ನ ಜಡೆಯನ್ನು ಎರಡು ಸಲ ಬಿಚ್ಚಿ ಎರಡು ಸಲ ಹೆಣೆದಳು.

ಈಗ ನಾನು ಬಳ್ಳಾರಿಯ ಒಂದು ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೆ ಕಲಿಸುತ್ತೇನೆ. ಇಪ್ಪತ್ತಾರು ಮಕ್ಕಳು. ಜೂನ್ ತಿಂಗಳಲ್ಲಿ ದಿನಕ್ಕೆ ಮೂರು ನಾಲ್ಕು ಹಠ ಇದ್ದದ್ದೇ. ಪುಸ್ತಕ ಇಡುವುದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಸೋಮವಾರವನ್ನು ಕಂಡುಹಿಡಿದದ್ದು ಅದೇ. ಆದರೆ ಈಗ ನೆಲದಿಂದ ಎದ್ದ ಮೇಲೆ ಬರೆಯುತ್ತೇನೆ. ನಿಮಿಷದ ಕಾಲಂ ತೆಗೆದಿದ್ದೇನೆ. "ಕಾರಣ" ಎಂದಿದ್ದ ಕಡೆ "ಅದಕ್ಕೆ ಮೊದಲು ಏನು ಹೋಯಿತು" ಎಂದಿದೆ. ತಂದೆತಾಯಿಗಳು ಬಂದು ನಮ್ಮ ಮಗು ಬಹಳ ಶಾಣ್ಯಾ, ಅಳುವುದೇ ಇಲ್ಲ ಎಂದರೆ ಆ ಮಗುವಿನ ಪಕ್ಕದಲ್ಲೂ ಒಂದಿಷ್ಟು ಹೊತ್ತು ಕೂರುತ್ತೇನೆ.

ತಾರಾಳ ಮೂವತ್ತೊಂದು ಸಾಲುಗಳ ಹಿಂದೆ, ಮೊದಲ ಪುಟದ ಬೆನ್ನಿಗೆ, ನನ್ನದೊಂದು ಸಾಲು ಹಾಕಿದ್ದೇನೆ. ವಾರ ಗೊತ್ತಿಲ್ಲ. ಸಿರುಗುಪ್ಪ, ಅಕ್ಕಿ ಗಿರಣಿಯ ಹಿಂದಿನ ಓಣಿ, ಮೂರು ದಿನ. ನನಗೆ ಅದರದು ಏನೂ ನೆನಪಿಲ್ಲ, ಅಜ್ಜಿಗೆ ನೆನಪಿರುವುದು ಬಾಗಿಲು ಮತ್ತು ಕೈ ಮಾತ್ರ. ಆಗ ಆ ಓಣಿಯಲ್ಲಿದ್ದವರು ಯಾರಾದರೂ ಇದನ್ನು ಓದಿದರೆ ಎರಡು ಸಾಲು ಬರೆದು ತಿಳಿಸಿ. ಮೂರು ವರ್ಷದ ಆ ಹುಡುಗಿ ಬಾಗಿಲಲ್ಲಿ ಯಾವ ಕಡೆ ಕೈ ತೋರಿಸುತ್ತಿದ್ದಳು? ಪಕ್ಕದಲ್ಲಿ ಯಾರಾದರೂ ಕೂತಿದ್ದರೇ? ಜಾಗ ಬಿಟ್ಟಿದ್ದೇನೆ.